ಹೆಡ್‌ಮಾಸ್ತರ ಕೋಣೆಯಲ್ಲಿ ಸಿಗದ ಮಹಾಪ್ರಾಣ

ಇದು ನನ್ನಿಂದ ಆಗುವುದಿಲ್ಲ ಎಂದು ಹೇಳಿದವರು ಬೇರೆ ಯಾರೂ ಅಲ್ಲ, ನನ್ನ ಮಾರ್ಗದರ್ಶಕರು. ಪಿಎಚ್.ಡಿ.ಗೆ ಸೇರಿಸಿಕೊಳ್ಳುವ ಸಂದರ್ಶನದ ದಿನವೇ ಹೇಳಿದರು. ಮೂಡುಬಿದಿರೆಯ ಒಂದು ಕಾಲೇಜಿನ ಸಂಶೋಧನಾ ಕೇಂದ್ರ. ಮೇಜಿನ ಆಚೆ ಮೂವರು, ಈಚೆ ನಾನು. ಮನೆಯಲ್ಲಿ ತುಳು ಮಾತಾಡುವ ಮಕ್ಕಳು ಶಾಲೆಯಲ್ಲಿ ಕನ್ನಡವನ್ನು ಎರಡನೆಯ ಭಾಷೆಯಾಗಿ ಕಲಿಯುವಾಗ ಅದರ ಧ್ವನಿಗಳನ್ನು ಹೇಗೆ ಹಿಡಿಯುತ್ತಾರೆ ಎಂಬುದು ನನ್ನ ವಿಷಯ. ಅದರ ಟಿಪ್ಪಣಿಯನ್ನು ನನ್ನಿಂದಲೇ ಓದಿಸಿದರು. ನಾಲ್ಕು ಸಾಲು ಆಗುವಷ್ಟರಲ್ಲಿ ಅವರ ಕೈ ಮೇಲೆದ್ದಿತು.

"ಭಾಷೆ ಅಂತ ಹೇಳಿ, ನೋಡುವ."

ಹೇಳಿದೆ.

"ಬಾಷೆ ಅಲ್ಲ. ಭಾಷೆ."

ಮತ್ತೆ ಹೇಳಿದೆ. ಪಕ್ಕದಲ್ಲಿದ್ದವರು ನಕ್ಕರು.

"ನಿಮ್ಮ ಬಾಯಲ್ಲೇ ಮಹಾಪ್ರಾಣ ಇಲ್ಲ. ನೀವು ಮಕ್ಕಳ ಉಚ್ಚಾರಣೆ ಅಳೆಯುವುದಾ? ಇದು ನಿಮ್ಮಿಂದ ಆಗುವ ಕೆಲಸ ಅಲ್ಲ. ಬೇರೆ ಏನಾದ್ರೂ ಸಣ್ಣದು ತಗೊಳ್ಳಿ."

ಆದರೆ ಅರ್ಹತಾ ಪರೀಕ್ಷೆಯಲ್ಲಿ ನನಗೆ ಅಂಕ ಬಂದಿತ್ತು, ಅವರ ಕೈಯಲ್ಲಿ ಒಂದು ಸೀಟು ಖಾಲಿ ಇತ್ತು. ಬೇಡ ಎನ್ನಲು ಬೇರೆ ಕಾರಣ ಸಿಗದೆ ಸೇರಿಸಿಕೊಂಡರು. ಆ ದಿನದಿಂದ ನನಗೆ ಅವರನ್ನು ಕಂಡರೆ ಆಗುವುದಿಲ್ಲ. ಈಗಲೂ ಆಗುವುದಿಲ್ಲ. ಅದನ್ನು ಮುಚ್ಚಿಟ್ಟು ಬರೆಯುವಷ್ಟು ಒಳ್ಳೆಯವಳು ನಾನಲ್ಲ.

ನಮ್ಮ ಮನೆ ಇರುವುದು ಬೆಳ್ತಂಗಡಿ ತಾಲೂಕಿನಲ್ಲಿ, ವೇಣೂರಿನಿಂದ ಇನ್ನೂ ಒಳಗೆ. ಅಪ್ಪ ಬೇರೆಯವರ ರಬ್ಬರ್ ಮರಗಳನ್ನು ಟ್ಯಾಪಿಂಗ್ ಮಾಡುತ್ತಾರೆ, ಅಮ್ಮ ಬೀಡಿ ಕಟ್ಟುತ್ತಾಳೆ. ಅಮ್ಮ ಓದಿದ್ದು ನಾಲ್ಕನೆಯ ತರಗತಿ, ಅಪ್ಪ ಅಷ್ಟೂ ಇಲ್ಲ. ಆ ಮನೆಯಲ್ಲಿ ಡಿಗ್ರಿ ಎಂದು ಮೊದಲು ಬಂದದ್ದು ನನ್ನದು. ಅಲ್ಲಿ ಎಲ್ಲರ ಮಾತೂ ತುಳು. ಇಲ್ಲಿ ಅಮ್ಮನ ಮಾತುಗಳನ್ನು ಕನ್ನಡದಲ್ಲಿ ಬರೆದಿದ್ದೇನೆ, ಅಷ್ಟೆ. ತುಳುವಿನಲ್ಲಿ ಮಹಾಪ್ರಾಣಕ್ಕೆ ಹೆಚ್ಚು ಕೆಲಸವಿಲ್ಲ. ಅದು ಬೇಕಾಗುವುದು ಶಾಲೆಗೆ ಹೋದ ಮೇಲೆ. ನಮ್ಮ ಕನ್ನಡ ಮಾಸ್ತರು ಹಳೆಯ ಪಟ್ಟಿ ಪುಸ್ತಕದಿಂದ ಒಂದು ಕಾಗದದ ಚೂರು ಹರಿದು ನಮ್ಮ ತುಟಿಯ ಮುಂದೆ ಹಿಡಿಯುತ್ತಿದ್ದರು. ಭ ಎಂದಾಗ ಕಾಗದ ಅಲುಗಬೇಕು. ಅಲುಗದಿದ್ದವರು ಬೆಂಚಿನ ಮೇಲೆ ನಿಲ್ಲಬೇಕು. ಐದನೆಯ ತರಗತಿಯ ಅರ್ಧವನ್ನು ನಾನು ಬೆಂಚಿನ ಮೇಲೆಯೇ ಕಲಿತೆ ಎಂದರೂ ತಪ್ಪಿಲ್ಲ.

ನಾನು ಪಿಎಚ್.ಡಿ.ಗೆ ಸೇರಿದ್ದೇನೆ ಎಂದಾಗ ಅಮ್ಮ ಬೀಡಿಯ ತಡ್ಪೆಯಿಂದ, ಅಂದರೆ ಮಡಿಲ ಮೊರದಿಂದ, ತಲೆಯೆತ್ತದೆ ಕೇಳಿದಳು, "ಎಂತದ್ದಕ್ಕೆ ಅದು?"

"ಮಕ್ಕಳು ಹೇಗೆ ಮಾತಾಡ್ತಾರೆ ಅಂತ ಕೇಳ್ಲಿಕ್ಕೆ."

"ಅದಕ್ಕೆ ಅಷ್ಟು ವರ್ಷ ಬೇಕಾ? ಅಂಗಳದಲ್ಲಿ ನಾನು ದಿನಾ ಪುಕ್ಕಟೆ ಕೇಳ್ತೇನೆ."

ಮೊದಲ ವರ್ಷ ಮಾರ್ಗದರ್ಶಕರು ಹೇಳಿದ ಹಾಗೆಯೇ ಮಾಡಿದೆ. ಅವರದ್ದೊಂದು ಪದಪಟ್ಟಿ ಇತ್ತು: ಘಂಟೆ, ಛತ್ರಿ, ಧನ, ಫಲ, ಭೂಮಿ, ಹೀಗೆ. ಆಗ ನಾನು ಬಿ.ಸಿ.ರೋಡಿನ ಹತ್ತಿರ ಒಂದು ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿ. ವಾರದಲ್ಲಿ ನಾಲ್ಕು ದಿನ ಅಲ್ಲಿ ಪಾಠ, ಉಳಿದ ಎರಡು ದಿನ ಬಂಟ್ವಾಳದಿಂದ ಸಿದ್ದಕಟ್ಟೆ ದಾರಿಯಾಗಿ ಮೂಡುಬಿದಿರೆಯ ಕಡೆಗೆ. ದಾರಿಯ ಶಾಲೆಗಳಲ್ಲಿ ಹೆಡ್‌ಮಾಸ್ತರ ಕೋಣೆಯೇ ನನ್ನ ಧ್ವನಿಮುದ್ರಣದ ಜಾಗ. ಬಾಗಿಲು ಹಾಕಿದರೆ ಗಲಾಟೆ ಕೇಳುವುದಿಲ್ಲ. ಮೇಜಿನ ಮೇಲೆ ರೆಕಾರ್ಡರ್, ಒಂದು ಪಕ್ಕ ಹೆಡ್‌ಮಾಸ್ತರು, ಇನ್ನೊಂದು ಪಕ್ಕ ತರಗತಿಯ ಟೀಚರು, ನಡುವೆ ಮಗು.

ಮತ್ತೆ ನಾನು. ನನ್ನದನ್ನೂ ಬರೆಯಬೇಕು. ಇಸ್ತ್ರಿ ಹಾಕಿದ ಸೀರೆ ಉಟ್ಟು, ಕುತ್ತಿಗೆಗೆ ಗುರುತಿನ ಚೀಟಿ ತೂಗಿಸಿಕೊಂಡು ಹೋಗುತ್ತಿದ್ದೆ. "ನಿನ್ನ ಹೆಸರೇನು ಮಗು? ಹೆದರಬೇಡ, ನಿಧಾನವಾಗಿ ಓದು" ಎಂದು ಪಠ್ಯಪುಸ್ತಕದ ಕನ್ನಡದಲ್ಲಿ ಮಾತಾಡುತ್ತಿದ್ದೆ. ಇಡೀ ಒಂದು ವರ್ಷ ಆ ಮಕ್ಕಳ ಹತ್ತಿರ ಒಂದು ತುಳು ಮಾತು ಆಡಲಿಲ್ಲ. ಆಡಿದರೆ ನಾನು ಎಲ್ಲಿಂದ ಬಂದವಳು ಎಂದು ಹೆಡ್‌ಮಾಸ್ತರಿಗೆ ಗೊತ್ತಾಗುತ್ತದಲ್ಲ! ಇನ್ಸ್‌ಪೆಕ್ಟರ್ ಬಂದಿದ್ದಾರೆ ಎಂದೇ ಮಕ್ಕಳು ತಿಳಿದರು. ಬಾಯಿ ಒಣಗಿಸಿಕೊಂಡು ಗಂಟೆ, ಚತ್ರಿ, ದನ ಎಂದು ಓದಿ ಓಡಿದರು.

ಮಾರ್ಗದರ್ಶಕರಿಗೆ ಸಂತೋಷವೋ ಸಂತೋಷ. ಇಪ್ಪತ್ತು ವರ್ಷ ಅವರು ಕಲಿಸುತ್ತಾ ಬಂದದ್ದು ಅದನ್ನೇ. "ಬರೆಯಿರಿ. ಮಾತೃಭಾಷೆಯ ಪ್ರಭಾವದಿಂದ ನಾಲಗೆಗೆ ಅಂಟಿದ ದೋಷ. ಇದಕ್ಕೆ ಮದ್ದು ಅಭ್ಯಾಸ ಒಂದೇ." ನಾನೂ ಬರೆದೆ. ದೋಷ ಎಂಬ ಪದವನ್ನು ನನ್ನ ಕೈಯಾರೆ ಬರೆದೆ.

ಎರಡನೆಯ ವರ್ಷದ ಶುರುವಿನಲ್ಲಿ ತೋಡಾರಿನ ಕಡೆಯ ಒಂದು ಶಾಲೆಗೆ ಹೋಗಿದ್ದೆ. ಬೆಳಿಗ್ಗೆ ಆರನೆಯ ತರಗತಿಯ ಒಬ್ಬಳು ಹುಡುಗಿ ಪಟ್ಟಿಯಲ್ಲಿ ಒಂದೇ ಒಂದು ಮಹಾಪ್ರಾಣವನ್ನೂ ಹೇಳಲಿಲ್ಲ. ಅವಳ ಟೀಚರು ನನ್ನ ಎದುರೇ ಅವಳ ತಲೆಗೆ ಮೊಟಕಿದರು. ಮಧ್ಯಾಹ್ನ ಊಟದ ನಂತರ ಕೈ ತೊಳೆಯಲು ಶಾಲೆಯ ಹಿಂದೆ ಹೋದರೆ ಅಲ್ಲಿ ಯಕ್ಷಗಾನ ನಡೆಯುತ್ತಿತ್ತು. ಊಟದ ಸ್ಟೀಲ್ ಬಟ್ಟಲು ಚೆಂಡೆ, ಸೋಗೆಯ ದಂಟು ಖಡ್ಗ. ತಲೆಗೆ ಸ್ವೆಟರ್ ಸುತ್ತಿ ರಾಕ್ಷಸನಾಗಿ ಕುಣಿಯುತ್ತಿದ್ದವಳು ಆ ಹುಡುಗಿಯೇ.

"ಎಲವೋ ಅಧಮಾ! ಈ ಭುಜಗಳ ಬಲವನ್ನು ತಿಳಿಯದೆ ಬಂದೆಯಾ? ನನ್ನ ಖಡ್ಗದ ಧಾರೆಗೆ ನಿನ್ನ ಕಂಠವನ್ನು ಒಡ್ಡು!"

ಒಂದೊಂದು ಮಹಾಪ್ರಾಣವೂ ಹೊಟ್ಟೆಯಿಂದ ಬರುತ್ತಿತ್ತು. ಕಾಗದದ ಚೂರಲ್ಲ, ಎದುರು ನಿಂತ ಹುಡುಗನೇ ಅಲುಗುತ್ತಿದ್ದ. ನನ್ನನ್ನು ಕಂಡ ಕೂಡಲೇ ಎಲ್ಲ ನಿಂತಿತು. ಹುಡುಗಿ ಸ್ವೆಟರ್ ಕಿತ್ತು ಬೆನ್ನ ಹಿಂದೆ ಅಡಗಿಸಿದಳು.

ಆಗ ನನ್ನ ಬಾಯಿಂದ ತುಳು ಬಂತು. "ನಿಲ್ಲಿಸಬೇಡಿ ಮಾರಾಯ್ರೆ, ಚಂದ ಆಗ್ತಾ ಇತ್ತು."

ಅವರು ಮುಖ ಮುಖ ನೋಡಿಕೊಂಡರು. ರಾಕ್ಷಸಿ ಕೇಳಿದಳು, "ಟೀಚರ್, ನಿಮಗೆ ತುಳು ಬರ್ತದಾ?"

"ನಮ್ಮ ಮನೆಯದ್ದೇ ತುಳು."

"ಮತ್ತೆ ಬೆಳಿಗ್ಗೆ ಯಾಕೆ ಹಾಗೆ ಮಾತಾಡಿದ್ದು, ರೇಡಿಯೋದವರ ಹಾಗೆ?"

ನಾನೇ ತಿರುಗಿ ಕೇಳಿದೆ, "ನೀನು ಯಾಕೆ ಬೆಳಿಗ್ಗೆ ಹೀಗೆ ಹೇಳಲಿಲ್ಲ?"

"ಕ್ಲಾಸಲ್ಲಿ ಹಾಗೆ ಹೇಳಿದ್ರೆ ಇವರೆಲ್ಲ 'ಬಂದ್ಲು ನೋಡು ಭಾಗವತೆ' ಅಂತ ಕುಶಾಲು ಮಾಡ್ತಾರೆ. ತಪ್ಪು ಹೇಳಿದ್ರೆ ಟೀಚರು ಒಂದು ಮೊಟಕ್ತಾರೆ, ಅಷ್ಟೇ ಅಲ್ವಾ?"

ವರ್ಷವಿಡೀ ನಾನು ಅಳೆದದ್ದು ನಾಲಗೆಯನ್ನಲ್ಲ, ಹೆದರಿಕೆಯನ್ನು. ಸೀರೆ, ಚೀಟಿ, ಪುಸ್ತಕದ ಕನ್ನಡ ಎಲ್ಲ ಹೊತ್ತುಕೊಂಡು ಹೋಗಿ ಆ ಹೆದರಿಕೆಗೆ ನಾನೂ ಒಂದು ಪಾಲು ಸೇರಿಸಿದ್ದೆ. ಬಸ್ಸಿನಲ್ಲಿ ಕೂತವಳಿಗೆ ನನ್ನ ಮೇಲೆಯೇ ಸಿಟ್ಟು ಬಂತು.

ಮರುವಾರ ಮಾರ್ಗದರ್ಶಕರ ಕೋಣೆಯಲ್ಲಿ ಆ ಹುಡುಗಿಯ ಯಕ್ಷಗಾನದ ಸಂಗತಿ ತಿಳಿಸಿ ಹೇಳಿದೆ: ಮೊದಲ ವರ್ಷದ ಧ್ವನಿಮುದ್ರಣ ಬಿಟ್ಟುಬಿಡುತ್ತೇನೆ. ಇನ್ನು ಶಾಲೆಯ ಹೊರಗೆ, ತುಳುವಿನಲ್ಲಿ ಮಾತಾಡಿಸಿ, ಟೀಚರುಗಳಿಲ್ಲದೆ ಮಾಡುತ್ತೇನೆ.

"ನಿಮ್ಮನ್ನು ಕಳಿಸಿದ್ದು ಸಂಶೋಧನೆಗೋ, ಮೇಳ ಕಟ್ಟಲಿಕ್ಕೋ?"

"ಆ ಹುಡುಗಿಯ ಬಾಯಲ್ಲಿ ಮಹಾಪ್ರಾಣ ಉಂಟು ಸಾರ್. ನಾನೇ ಕೇಳಿದೆ."

"ನೀವು ಕೇಳಿದ್ದಾ!" ಅವರು ಕುರ್ಚಿಗೆ ಒರಗಿ ನಕ್ಕರು. "ಬಾಯಿಪಾಠ ಅದು. ಗಿಳಿಗೆ ಕಲಿಸಿದ್ರೆ ಗಿಳಿಯೂ ಹೇಳ್ತದೆ. ಮೊದಲ ವರ್ಷದ್ದು ಬಿಟ್ರೆ ಪ್ರಗತಿ ವರದಿಗೆ ನನ್ನ ಸಹಿ ಇಲ್ಲ."

ಆ ಸಹಿ ಇಲ್ಲದೆ ಪ್ರಬಂಧ ಸಲ್ಲಿಸುವ ಹಾಗಿಲ್ಲ. ಅವರಿಗೂ ಗೊತ್ತು, ನನಗೂ ಗೊತ್ತು. ನನ್ನ ಮುಂದಿದ್ದದ್ದು ಎರಡೇ: ಮಕ್ಕಳ ನಾಲಗೆಯಲ್ಲಿ ದೋಷ ಎಂದು ಬರೆದು ಡಾಕ್ಟರ್ ಆಗುವುದು, ಇಲ್ಲವೇ ಕಂಡದ್ದನ್ನು ಬರೆದು ಬರಿಗೈಯಲ್ಲಿ ಮನೆಗೆ ಹೋಗುವುದು.

ಗಿಳಿಯ ಮಾತು ಮಾತ್ರ ನನ್ನನ್ನು ಬಿಡಲಿಲ್ಲ. ಸಿಟ್ಟಿನಲ್ಲಿ ಹೇಳಿದ್ದಾದರೂ ಪ್ರಶ್ನೆ ಸರಿಯಾಗಿಯೇ ಇತ್ತು. ಹಾಗಾಗಿ ಸಹಿಯಿಲ್ಲದೆಯೇ ಕೆಲಸ ಶುರು ಮಾಡಿದೆ. ಯಕ್ಷಗಾನದ ಅರ್ಥ, ಅಂದರೆ ಪಾತ್ರಗಳ ಮಾತು, ಯಾರೂ ಬರೆದುಕೊಡುವುದಲ್ಲ, ವೇಷಧಾರಿ ನಿಂತಲ್ಲೇ ಕಟ್ಟಿ ಹೇಳಬೇಕು. ಇದು ನಮ್ಮ ಕಡೆಯ ಮಕ್ಕಳಿಗೂ ಗೊತ್ತು. ಮತ್ತೆ ತೋಡಾರಿಗೆ ಹೋಗಿ ಆ ಮಕ್ಕಳಿಗೆ, ಕೇಳಿದ ಪ್ರಸಂಗ ಬೇಡ, ಹೊಸದು ಮಾಡಿ ಎಂದೆ. ಬಿಸಿಯೂಟದ ಮೊಟ್ಟೆಗೆ ಯುದ್ಧ ಆಗಲಿ. ರೆಕಾರ್ಡರನ್ನು ಚೀಲದಲ್ಲಿ ಹಾಕಿ ಹತ್ತಿರದ ಕೊಂಬೆಗೆ ತೂಗಿಸಿ, ಯಂತ್ರ ಅಲ್ಲಿ ಉಂಟು ಎಂದು ಹೇಳಿ, ನಾನು ದೂರ ಹೋಗಿ ಕೂತೆ.

"ಧೂರ್ತನೇ! ನನ್ನ ಪಾಲಿನ ಮೊಟ್ಟೆಯನ್ನು ಭಕ್ಷಿಸಿದವನು ನೀನೇ ಅಲ್ಲವೇ?" ಗದರಿದಳು ರಾಕ್ಷಸಿ.

"ಛೇ, ಭಂಡ! ನಾನು ಭಕ್ಷಿಸಿದ್ದು ಬಾಳೆಹಣ್ಣು. ಸಿಪ್ಪೆಯೇ ಸಾಕ್ಷಿ!"

ಯಾವ ಗಿಳಿಗೆ ಯಾರು ಕಲಿಸಿದ್ದು ಇದನ್ನು? ಬೆಳ್ತಂಗಡಿ, ಬಂಟ್ವಾಳದ ಕಡೆಯ ಶಾಲೆಗಳಲ್ಲೂ ಹೀಗೆಯೇ ಮಾಡಿದೆ. ಎಲ್ಲರಿಗೂ ಬರಲಿಲ್ಲ. ಕೆಲವರು ಬೇಡದ ಅಕ್ಷರಕ್ಕೂ ಉಸಿರು ಹಾಕಿದರು, ಕೆಲವರು ಬಾಯಿಯೇ ಬಿಡಲಿಲ್ಲ. ಅದನ್ನೂ ಇದ್ದ ಹಾಗೆ ಬರೆದೆ.

ಎರಡು ಪ್ರಗತಿ ವರದಿಗಳು ಸಹಿಯಿಲ್ಲದೆ ವಾಪಸು ಬಂದವು. ಆ ನಡುವೆ ಒಂದು ದಿನ ಪಾಣೆಮಂಗಳೂರಿನಲ್ಲಿ ಮೀನು ತೆಗೆದುಕೊಳ್ಳಲು ನಿಂತಿದ್ದೆ. ಮುಂದೆ ಒಬ್ಬರು ಬಂಗುಡೆಯ ಕಿವಿರು ಎತ್ತಿ ನೋಡುತ್ತಾ, ಮೀನಿನವಳ ಜೊತೆ ಗಟ್ಟಿ ತುಳುವಿನಲ್ಲಿ ಜಗಳ ಆಡುತ್ತಿದ್ದರು. ನೋಡಿದರೆ ನಮ್ಮ ಮಾರ್ಗದರ್ಶಕರು. ಇಷ್ಟು ವರ್ಷದಲ್ಲಿ ಕಾಲೇಜಿನಲ್ಲಿ ಒಬ್ಬರ ಹತ್ತಿರವೂ ಅವರು ತುಳು ಆಡಿದವರಲ್ಲ. ತನಗೆ ಬರುವುದೇ ಇಲ್ಲ ಎನ್ನುತ್ತಿದ್ದರು. ನನ್ನನ್ನು ಕಂಡವರೇ ಬೆನ್ನು ನೆಟ್ಟಗೆ ಮಾಡಿ, "ಏನು, ಮತ್ಸ್ಯ ಖರೀದಿಯೋ?" ಎಂದರು.

"ನಿಮ್ಮದನ್ನೂ ರೆಕಾರ್ಡ್ ಮಾಡ್ಬೇಕಿತ್ತು ಸಾರ್," ಎಂದೆ. "ಒಂದು ನಾನಿಲ್ಲದಾಗ, ಒಂದು ನಾನಿರುವಾಗ."

ಹೇಳಬಾರದಿತ್ತೋ ಏನೋ. ಮೂರನೆಯ ವರದಿಯೂ ವಾಪಸು ಬಂತು.

ಕೊನೆಗೆ ವಿಷಯ ಸಂಶೋಧನಾ ಸಮಿತಿಯ ಮುಂದೆ ಹೋಯಿತು. ಬೇರೆ ವಿಶ್ವವಿದ್ಯಾಲಯದಿಂದ ಒಬ್ಬರು ಪರಿಣತೆ ಬಂದಿದ್ದರು. ನಾನು ಹೆಚ್ಚು ಮಾತಾಡಲಿಲ್ಲ. ಒಂದೇ ಹುಡುಗಿಯ ಎರಡು ಧ್ವನಿಮುದ್ರಣ ಹಾಕಿದೆ: ತೋಡಾರಿನ ಹೆಡ್‌ಮಾಸ್ತರ ಕೋಣೆಯದ್ದು ಒಂದು, ಮೊಟ್ಟೆಯ ಯುದ್ಧದ್ದು ಇನ್ನೊಂದು. ಅವರು ಎರಡನ್ನೂ ಮತ್ತೆ ಕೇಳಿದರು. "ಎರಡೂ ಒಬ್ಬಳದ್ದೇನಾ?" ಎಂದರು. ಆಮೇಲೆ ಮಾರ್ಗದರ್ಶಕರ ಕಡೆ ತಿರುಗಿ, "ಇದಕ್ಕೆ ನಿಮ್ಮ ಆಕ್ಷೇಪ ಏನು?" ಎಂದು ಕೇಳಿದರು.

"ಆಕ್ಷೇಪ ಎಂತದ್ದೂ ಇಲ್ಲ ಮೇಡಂ. ಈ ವಿಧಾನ ನಾನೇ ಸೂಚಿಸಿದ್ದು."

ನನಗೆ ಮೈ ಉರಿಯಿತು. ಅಲ್ಲೇ ಎದ್ದು ಸುಳ್ಳು ಎನ್ನಬೇಕಿತ್ತು. ಸಹಿ ಬೇಕಿದ್ದವಳು ನಾನು. ಸುಮ್ಮನಿದ್ದೆ. ಅವರು ಜೇಬಿನಿಂದ ಪೆನ್ನು ತೆಗೆದು ಮೂರೂ ವರದಿಗಳಿಗೆ ಒಟ್ಟಿಗೆ ಸಹಿ ಮಾಡಿದರು.

ಮನೆಯಲ್ಲಿ ಅಮ್ಮನಿಗೆ ಹೇಳಿದೆ. ಅವಳು ಎಲೆ ಕತ್ತರಿಸುವುದನ್ನು ನಿಲ್ಲಿಸಿದಳು. "ಶಾಲೆ ಶಾಲೆಗೆ ಬಸ್ಸಲ್ಲಿ ಅಲೆದದ್ದು ಅವರಾ, ನೀನಾ?"

"ನಾನು."

"ಮತ್ತೆ ನೀನು ಯಾಕೆ ಬಾಯಿಗೆ ಬೀಗ ಹಾಕಿದ್ದು? ಮಕ್ಕಳಿಗೆ ಮಾತಾಡಿ ಅಂತ ಹೇಳ್ಲಿಕ್ಕೆ ಹೋದವಳು!"

ಪ್ರಬಂಧ ಒಪ್ಪಿಗೆಯಾಯಿತು. ಮೌಖಿಕ ಪರೀಕ್ಷೆ ಮುಗಿಯಿತು. ಪ್ರಮಾಣಪತ್ರ ಕಾಲೇಜಿಗೇ ಬಂತು. ಅದನ್ನು ಕೇಂದ್ರದ ಸಭೆಯಲ್ಲಿ ಮಾರ್ಗದರ್ಶಕರ ಕೈಯಿಂದ ಕೊಡಿಸುವುದು ಅಲ್ಲಿಯ ಪದ್ಧತಿ. ಅಪ್ಪನಿಗೆ ಟ್ಯಾಪಿಂಗ್ ಬಿಟ್ಟು ಬರಲಾಗಲಿಲ್ಲ. ಅಮ್ಮ ಬಂದು ಮುಂದಿನ ಸಾಲಿನಲ್ಲಿ ಕೂತಳು. ಮಾರ್ಗದರ್ಶಕರು ಅರ್ಧ ಗಂಟೆ ಮಾತಾಡಿದರು. "ನಮ್ಮ ವಿಧಾನ", "ನಾವು ಕಂಡುಕೊಂಡ ಸತ್ಯ" ಎಂದರು. ಅಮ್ಮನಿಗೆ ಪುಸ್ತಕದ ಕನ್ನಡ ಪೂರ್ತಿ ಹಿಡಿಯುವುದಿಲ್ಲ. ನಮ್ಮ, ನಾವು ಎಂಬುದು ಮಾತ್ರ ಚೆನ್ನಾಗಿ ಹಿಡಿಯಿತು ಎಂದು ಅವಳ ಮುಖವೇ ಹೇಳುತ್ತಿತ್ತು.

ಪ್ರಮಾಣಪತ್ರ ನನ್ನ ಕೈಗೆ ಬಂತು. ಪೂರ್ತಿ ಬರಲಿಲ್ಲ. ಒಂದು ತುದಿ ನನ್ನ ಹತ್ತಿರ, ಇನ್ನೊಂದು ತುದಿ ಅವರ ಹತ್ತಿರ. ಫೋಟೋದವನು "ಸಾರ್, ಇನ್ನೊಂದು" ಎಂದ. ಮತ್ತೆ ಇನ್ನೊಂದು. ಅವರು ಹಲ್ಲು ಕಾಣುವ ಹಾಗೆ ನಗುತ್ತಾ ಹಿಡಿದೇ ಇದ್ದರು. ನಾನು ಮೆಲ್ಲನೆ ಎಳೆದೆ. ಬಿಡಲಿಲ್ಲ.

ಅಮ್ಮ ಕೂತಲ್ಲಿಂದ ಎದ್ದು ನಿಂತಳು. ಇಡೀ ಸಭೆಗೆ ಕೇಳುವ ಹಾಗೆ, ತುಳುವಿನಲ್ಲೇ ಹೇಳಿದಳು.

"ಕೈ ಬಿಡಿ ಸಾರ್. ಅದು ಅವಳದ್ದು."

ತುಳು ಬರುವುದೇ ಇಲ್ಲ ಎನ್ನುತ್ತಿದ್ದವರ ಬೆರಳುಗಳು ತಕ್ಷಣ ಸಡಿಲವಾದವು. ಅಮ್ಮ ವೇದಿಕೆಯ ಕಡೆ ಮತ್ತೆ ನೋಡಲಿಲ್ಲ, ಚೀಲವನ್ನು ಹೆಗಲಿಗೆ ಹಾಕಿಕೊಂಡಳು.

"ಬಾ ಮಗಾ. ವೇಣೂರಿನ ಬಸ್ಸು ಈಗ ಉಂಟು. ಇವರ ಫೋಟೋಕ್ಕೆ ಕಾದ್ರೆ ಅದೂ ಹೋಗ್ತದೆ."