ಎಂಟು ನಾಟಿನ ಗುಮಾಸ್ತ

ಬಂದರು ಕಚೇರಿಯ ಗುಮಾಸ್ತನಿಗೆ ಬಸ್ಸು ಹತ್ತಿದರೇ ವಾಂತಿ. ಆದರೂ ಸಮುದ್ರದ ಮೇಲಿನ ವೇಗ ಬರೆಯುವವನು ಅವನೇ. ಹಡಗಿಗೆ ದಾರಿ ತೋರುವ ಪೈಲಟರು ದೋಣಿಯಿಂದ ಹಡಗಿನ ಏಣಿಗೆ ಕಾಲಿಡುವಾಗ ಹಡಗಿನ ವೇಗ ಎಂಟು ನಾಟ್, ಅಂದರೆ ಗಂಟೆಗೆ ಸುಮಾರು ಹದಿನೈದು ಕಿಲೋಮೀಟರ್, ಮೀರಬಾರದೆಂಬುದು ಅಲ್ಲಿನ ನಿಯಮ. ಹಾಗಾಗಿ ಬೆಳಿಗ್ಗೆಯೇ, ಚಹಾ ಆರುವುದರೊಳಗೆ, ವೇಗದ ಪುಸ್ತಕದಲ್ಲಿ ಇಡೀ ದಿನದ ಕಾಲಂ ತುಂಬ ಮುತ್ತು ಪೋಣಿಸಿದಂತೆ ‘ಎಂಟು’ ಬರೆದುಬಿಡುತ್ತಾನೆ. “ಹಡಗು ಹನ್ನೆರಡರಲ್ಲಿ ಓಡ್ತಿದೆ ಕಣೋ, ನಿಧಾನ ಮಾಡೋಕೆ ಹೇಳೋ!” ಎಂದು ದೋಣಿ ನಡೆಸುವವನು ವೈರ್‌ಲೆಸ್ಸಿನಲ್ಲಿ ಅರಚಿದರೆ, “ಬರೆದಾಯ್ತಣ್ಣಾ, ಈಗ ಗೀಚಿದ್ರೆ ಸಾಹೇಬ್ರು ಬೈತಾರೆ” ಎನ್ನುತ್ತಾನೆ. ಮೊನ್ನೆ ಹಾಗೆಂದ ಮರುಗಳಿಗೆಯೇ ಪೈಲಟರು ಏಣಿಯಿಂದ ಜಾರಿ, ಹಡಗು ದೋಣಿಗಳ ನಡುವೆ ಸಿಕ್ಕಿ ಸತ್ತರು. ವಿಚಾರಣೆಯ ಅಧಿಕಾರಿ ಪುಸ್ತಕ ನೋಡಿ, ಸತ್ತವರದೇ ಅಜಾಗರೂಕತೆ ಎಂದು ಷರಾ ಬರೆದು, ಅಕ್ಷರ ಚೆನ್ನಾಗಿದೆಯೆಂದು ಗುಮಾಸ್ತನ ಬೆನ್ನು ತಟ್ಟಿದರು. ಆಮೇಲೆ ಪೈಲಟರ ಹೆಂಡತಿ ಬಂದು ಕೇಳಿದರು: “ಹಡಗು ಅಷ್ಟು ನಿಧಾನ ಹೋಗ್ತಿದ್ರೂ ಹೇಗಪ್ಪಾ ಬಿದ್ರು?” ಗುಮಾಸ್ತ ಎದ್ದು ಅವರಿಗೆ ಕುರ್ಚಿ ಒರೆಸಿಕೊಟ್ಟ.