ಆರಿದ ಪರದೆಯಲ್ಲಿ ಕೂತಿದ್ದವಳು

ಮುಖ್ಯ ಸಂಗತಿಯನ್ನು ಮೊದಲ ಸಾಲಿನಲ್ಲೇ ಹೇಳಬೇಕೆಂದು ನನಗೆ ಸುದ್ದಿಮನೆ ಕಲಿಸಿದೆ. ಹೇಳಿಬಿಡುತ್ತೇನೆ. ಎಂಬತ್ತರ ದಶಕದ ಕೊನೆಯ ಒಂದು ಚಳಿಗಾಲದ ರಾತ್ರಿ, ಗಡಹಿಂಗ್ಲಜ ತಾಲೂಕಿನ ಒಂದು ಸಕ್ಕರೆ ಕಾರ್ಖಾನೆಯಲ್ಲಿ, ನನ್ನ ಸೋದರಮಾವನ ಎರಡೂ ಕೈಗಳು ಉಳಿದವು. ಹೇಗೆ ಉಳಿದವು ಎಂಬುದು ಎರಡನೆಯ ಸಾಲಿನಲ್ಲಿ ಬರಬೇಕು. ಆ ಸಾಲನ್ನು ನನಗೆ ಇವತ್ತಿನವರೆಗೂ ಬರೆಯಲಾಗಿಲ್ಲ...

ನಾನು ಆಗ ಕೊಲ್ಹಾಪುರದ ಒಂದು ಪತ್ರಿಕೆಯ ವರದಿಗಾರ. ಅಪಘಾತದ ಸುದ್ದಿಗೆ ಶವಾಗಾರದ ಬಾಗಿಲಲ್ಲಿ ನಿಂತು ಹೆಸರು ಬರೆದುಕೊಂಡವನು. ಕಂಡದ್ದನ್ನು ಕಂಡಷ್ಟೇ ಬರೆಯುವುದು ರೂಢಿ. ಇದೂ ಹಾಗೆಯೇ.

ಕಬ್ಬಿನ ಗಾಡಿಗಳು ರಸ್ತೆಯುದ್ದಕ್ಕೂ ಕಾಯುತ್ತಿವೆ ಎಂಬ ದೂರಿತ್ತು. ಅದನ್ನು ಕಣ್ಣಾರೆ ನೋಡಲು ಹೋಗಿದ್ದೆ. ಕೂತದ್ದು ಕಬ್ಬು ತೂಗುವ ಕಾಟಾದ ಪಕ್ಕದ ಕೋಣೆಯಲ್ಲಿ. ಅಲ್ಲಿ ಚಿಕ್ಕಮ್ಮನ ಮಗ ಮಲ್ಲು ಹೊಸ ಕಂಪ್ಯೂಟರಿನ ಮುಂದೆ ಕೆಲಸಕ್ಕಿದ್ದ. ಇನ್ನೂ ಕಾಯಂ ಆಗಿರಲಿಲ್ಲ. ಮಾರನೆಯ ದಿನ ಸಾಹೇಬರು ಬಂದು, ಈ ಯಂತ್ರ ಇರಬೇಕೋ ಹಳೆಯ ಮುಳ್ಳಿನ ತಕ್ಕಡಿಯೇ ಸಾಕೋ ಎಂದು ತೀರ್ಮಾನಿಸುವವರಿದ್ದರು. ಯಂತ್ರ ಹೋದರೆ ಮಲ್ಲುವೂ ಹೋಗಬೇಕಿತ್ತು.

ಕಾಟಾ ಅಂದರೆ ನೆಲಮಟ್ಟಕ್ಕೆ ಹಾಸಿದ ಉಕ್ಕಿನ ದೊಡ್ಡ ಹಲಗೆ. ಲಾರಿ, ಗಾಡಿ ಅದರ ಮೇಲೆ ಹತ್ತಿ ನಿಲ್ಲುತ್ತವೆ. ಕೆಳಗೆ ಆಳೆತ್ತರದ ಗುಂಡಿ, ಅದರಲ್ಲಿ ತೂಕ ಹೊರುವ ತೊಲೆಗಳು. ತೊಲೆಯ ಸಂದಿನಲ್ಲಿ ಕಬ್ಬಿನ ರವದಿ, ಅಂದರೆ ಒಣಗಿದ ಗರಿ, ಸಿಕ್ಕಿಕೊಂಡರೆ ತೂಕ ತಪ್ಪುತ್ತದೆ. ಕೆಳಗಿಳಿದು, ಸಂದಿನಲ್ಲಿ ಕೈ ಹಾಕಿ ಅದನ್ನು ಕೀಳುವವನು ಫಿಟ್ಟರ್ ಸಿದ್ರಾಮಮಾವ, ನಮ್ಮಿಬ್ಬರ ತಾಯಂದಿರ ತಮ್ಮ. ಇಳಿಯುವ ಮುನ್ನ ಕೋಣೆಯ ಕಿಟಕಿಯ ಸರಳಿಗೆ ಕೆಂಪು ಬಟ್ಟೆ ಕಟ್ಟುತ್ತಿದ್ದ. ಹತ್ತಿ ಬಂದಮೇಲೆ ತಾನೇ ಬಿಚ್ಚುತ್ತಿದ್ದ. ಬಟ್ಟೆ ಇರುವಷ್ಟು ಹೊತ್ತು ಹಲಗೆಯ ಮೇಲೆ ಏನೂ ಬರಕೂಡದು. ಭಾರ ಬಿದ್ದರೆ ಸಂದು ಮುಚ್ಚಿ ಕೈ ಜಜ್ಜಿಹೋಗುತ್ತದೆ.

ಅವತ್ತು ಕತ್ತಲಾಗುತ್ತಿದ್ದಂತೆ ಮಾವ ಬಟ್ಟೆ ಕಟ್ಟಿ ಇಳಿದ. ಮಲ್ಲು ತೂಕ ನಿಲ್ಲಿಸಿದ. ಸ್ವಲ್ಪ ಹೊತ್ತಿಗೆ ಅವನು ಕೂಗಿದ.

"ಅಣ್ಣಾ, ಬಾ ಇಲ್ಲಿ. ಪಡದೇದಾಗಿನ ಚಿತ್ರ ಹೋತು."

"ಕರೆಂಟ್ ಹೋಗಿರಬೇಕು ನೋಡೋ."

"ಕರೆಂಟ್ ಹೋಗಿದ್ರ ನಾ ನಿನಗ ಕಾಣ್ತಿದ್ನೇನ? ತೆಲಿ ಮ್ಯಾಲ ಬಲ್ಬ್ ಉರ್ಯಾಕತ್ತೈತಿ."

ಪರದೆ ಕಪ್ಪಾಗಿತ್ತು. ಅದರ ಪುಟ್ಟ ಹಸಿರು ದೀಪ ಮಾತ್ರ ಉರಿಯುತ್ತಿತ್ತು. ಪೆಟ್ಟಿಗೆಯ ಫ್ಯಾನ್ ತಿರುಗುತ್ತಿತ್ತು. ಮಲ್ಲು ಹಿಂದಿನ ವೈರನ್ನು ಕಿತ್ತು ಮತ್ತೆ ಒತ್ತಿದ. ಬೆಳಕಿನ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದ. ಏನೂ ಇಲ್ಲ. ಸುಟ್ಟ ಧೂಳಿನ ಸಣ್ಣ ವಾಸನೆ... ಹೊರಗಿನಿಂದ ಕಾಕಂಬಿಯ ಹುಳಿ ವಾಸನೆ.

ಅವನು ಮುಂಗೈಯನ್ನು ಗಾಜಿನ ಹತ್ತಿರ ಹಿಡಿದ. ಕೂದಲು ಒಂದೊಂದಾಗಿ ಎದ್ದು ನಿಂತವು.

"ಒಳಗ ಜೀವ ಐತಿ," ಅಂದ. "ಆದ್ರ ತೋರಸವಲ್ದು."

ಹೊರಗೆ ಗಾಡಿಯವರ ಸಹನೆ ಮುಗಿದಿತ್ತು. "ಏ ಮಲ್ಲೂ, ಸಿನಿಮಾ ಮುಗೀತೇನೋ? ಎತ್ತು ನಿಂತಲ್ಲೇ ನಿದ್ದಿ ಹೊಡ್ಯಾಕತ್ತಾವ!" ಎಲ್ಲಕ್ಕಿಂತ ಮುಂದಿದ್ದ ಲಾರಿಯ ಚಾಲಕ ಹಾರ್ನ್ ಒತ್ತಿ, ಇನ್ನೂ ಎಷ್ಟು ಹೊತ್ತು ಎಂದು ಮರಾಠಿಯಲ್ಲಿ ಕೂಗಿದ: "ಅಹೋ ಸಾಹೇಬ, ಅಜೂನ ಕಿತೀ ವೇಳ?"

ಮಲ್ಲು ಕಿಟಕಿಯತ್ತ ನೋಡಿದ. ಸರಳಿನ ಮೇಲೆ ಬಟ್ಟೆ ಇರಲಿಲ್ಲ.

"ಮಾವ ಹತ್ತಿ ಹೋಗ್ಯಾನ, ಚಾ ಕುಡ್ಯಾಕ. ಚಿತ್ರ ಇಲ್ದಿದ್ರೂ ನಡೀತೈತಿ ಅಣ್ಣಾ. ಯಾವ ಕೀಲಿ ಒತ್ತಬೇಕಂತ ನನ್ನ ಬೆರಳಿಗೆ ಗೊತ್ತೈತಿ. ತೂಕ ಪ್ರಿಂಟರ್ ಹೊಡದ್ ಕೊಡ್ತೈತಿ."

ನಾನೂ ಒಪ್ಪಿದೆ. ಬಟ್ಟೆ ಇಲ್ಲವೆಂದರೆ ಮಾವ ಕೆಳಗಿಲ್ಲ. ಅದೇ ನಿಯಮ.

ಅದಕ್ಕೂ ಮೊದಲು ಮಲ್ಲುವಿಗೆ ಇನ್ನೊಂದು ಪರೀಕ್ಷೆ ಮಾಡಬೇಕಿತ್ತು. ಪರದೆಯ ಬೆನ್ನಿನ ಸೀಳುಗಳಲ್ಲಿ ಇಣುಕಿದರೆ ಒಳಗಿನ ಚಿತ್ರಕೊಳವೆಯ ಕುತ್ತಿಗೆಯಲ್ಲಿ ಕೆಂಪು ಮಿಣುಕು ಕಾಣಬೇಕಂತೆ. ಕತ್ತಲಿದ್ದರೆ ಮಾತ್ರ ಕಾಣುತ್ತದಂತೆ. "ಬಲ್ಬ್ ಆರಸು," ಅಂದ. ಆರಿಸಿದೆ.

"ಐತಿ... ಉರ್ಯಾಕತ್ತೈತಿ," ಎಂದು ಪಿಸುಗುಟ್ಟಿದ, ಪರದೆಯ ಹಿಂದಿನಿಂದ.

ನಾನು ಪರದೆಯ ಮುಂದಿದ್ದೆ.

ಆ ಕೋಣೆಯಲ್ಲಿ ಪ್ಲಗ್ ಇದ್ದದ್ದು ಕಿಟಕಿಯ ಎದುರುಗೋಡೆಗೆ. ಹಾಗಾಗಿ ಪರದೆಯ ಮುಖ ಕಿಟಕಿಯ ಕಡೆಗಿತ್ತು. ಕೋಣೆ ಕತ್ತಲಾದ ಕೂಡಲೇ ಕಪ್ಪು ಗಾಜು ಕನ್ನಡಿಯಾಯಿತು. ಹೊರಗಿನ ದೊಡ್ಡ ದೀಪದ ಕೆಳಗೆ ಕಾಟಾದ ಹಲಗೆ ಅದರಲ್ಲಿ ಸಣ್ಣದಾಗಿ, ಸ್ಪಷ್ಟವಾಗಿ ಕಾಣಿಸಿತು.

ಹಲಗೆಯ ನಡುವೆ ಒಬ್ಬಳು ಕೂತಿದ್ದಳು.

ತಲೆಯ ಮೇಲಿಂದ ಕರಿ ಕಂಬಳಿ ಹೊದ್ದಿದ್ದಳು, ನಮ್ಮ ಕುರಿ ಕಾಯುವವರು ಹೊದೆಯುವಂಥದು. ಬಗ್ಗಿ, ಅಂಗೈಯಿಂದ ಹಲಗೆಯನ್ನು ತಟ್ಟುತ್ತಿದ್ದಳು. ನಿಧಾನವಾಗಿ... ಒಂದೇ ಲಯದಲ್ಲಿ... ಸದ್ದಿಲ್ಲದೆ.

ತಿರುಗಿ ಕಿಟಕಿಯಾಚೆ ನೋಡಿದೆ. ಹಲಗೆ ಖಾಲಿ.

ಮತ್ತೆ ಗಾಜು ನೋಡಿದೆ. ಕೂತಿದ್ದಳು. ನನ್ನ ತಲೆಯನ್ನು ಎಡಕ್ಕೆ ಸರಿಸಿದೆ, ಬಲಕ್ಕೆ ಸರಿಸಿದೆ. ಗಾಜಿನ ಮೇಲಿನ ಕಲೆಯಾಗಿದ್ದರೆ ಅದು ಹಲಗೆಯಿಂದ ಆಚೆ ಸರಿಯಬೇಕಿತ್ತು. ಅವಳು ಹಲಗೆಯ ನಡುವೆಯೇ ಇದ್ದಳು.

"ಮಲ್ಲು, ಕಾಟಾದ ಮ್ಯಾಲ ಯಾರೋ ಅದಾರ."

"ಯಾರಿಲ್ಲ. ನಾ ಈಗ ನೋಡಿನಿ."

"ಖಾಲಿ ತೂಕ ತೆಗಿ."

"ಖಾಲಿ ಹಲಗೀದು ಏನ್ ತೆಗೀಲಿ? ಸೊನ್ನಿ ಬರ್ತೈತಿ." ಗೊಣಗುತ್ತಲೇ ಕೀಲಿ ಒತ್ತಿದ. ಪ್ರಿಂಟರ್ ಕಿರ್ರೆಂದಿತು. ಬೆಂಕಿಕಡ್ಡಿ ಗೀರಿ ಚೀಟಿ ಓದಿದ. ಅವನ ಮುಖ ಬದಲಾಯಿತು. ಅದರಲ್ಲಿ ಸೊನ್ನೆ ಇರಲಿಲ್ಲ. ಒಬ್ಬ ಸಣಕಲು ಹೆಂಗಸಿನ ತೂಕವಿತ್ತು.

ಅದೇ ಹೊತ್ತಿಗೆ ಹೊರಗೆ ಇಂಜಿನ್ ಗುಡುಗಿತು. ಕೋಣೆಯ ದೀಪ ಆರಿದ್ದನ್ನು ಚಾಲಕ 'ಬಾ' ಎಂಬ ಸನ್ನೆ ಎಂದುಕೊಂಡಿದ್ದ. ತುಂಬಿದ ಲಾರಿ ಹಲಗೆಯತ್ತ ಹೊರಟಿತ್ತು.

ನಾನು ಓಡಿದೆ. ಬಾನೆಟ್ಟಿಗೆ ಅಡ್ಡ ನಿಂತು ಎರಡೂ ಕೈ ಎತ್ತಿದೆ. ಬ್ರೇಕ್ ಕಿರುಚಿತು, ಮುಂದಿನ ಗಾಲಿ ಹಲಗೆಯ ಅಂಚಿಗೆ ಬಂದು ನಿಂತಿತು. ಚಾಲಕ ನನ್ನ ವಂಶವನ್ನೆಲ್ಲ ಬೈದ. ಮಲ್ಲು ಬ್ಯಾಟರಿ ಹಿಡಿದು ಬಂದ. ಹಲಗೆಯ ಮೇಲೆ ಯಾರೂ ಇರಲಿಲ್ಲ. ಮಳೆಯಿಲ್ಲದ ಆ ಚಳಿಯಲ್ಲಿ ತೊಯ್ದ ಉಣ್ಣೆಯ ವಾಸನೆ ಮಾತ್ರ...

ಆಗ ಕೆಳಗಿನಿಂದ ದನಿ ಬಂತು.

"ಯಾರದು ಮ್ಯಾಲ? ಆಗಿಂದ ಹಲಗಿ ಬಡ್ಯಾಕತ್ತೀರಲ್ಲ! ಸರೀರಿ, ನನ್ನ ಕೈ ಸಂದ್ಯಾಗ ಐತಿ!"

ಮಲ್ಲು ಬ್ಯಾಟರಿಯನ್ನು ಗುಂಡಿಯ ಬಾಯಿಗೆ ಹಿಡಿದ.

ಮಾವನನ್ನು ಮೇಲೆತ್ತಿದೆವು. ಮೊಳಕೈವರೆಗೆ ಕೆಸರು, ಬೆರಳೆಲ್ಲ ನೆಟ್ಟಗಿದ್ದವು. ಕೆಂಪು ಬಟ್ಟೆ ಕಿಟಕಿಯ ಕೆಳಗೆ ನೆಲದ ಮೇಲೆ ಬಿದ್ದಿತ್ತು. ಗಾಳಿಗೆ ಬಿಚ್ಚಿರಬಹುದು. ಅದನ್ನು ನಾನು ನಂಬಬಲ್ಲೆ.

"ಯಾರೂ ಇರಲಿಲ್ಲ ಮಾವ," ಮಲ್ಲು ಅಂದ.

"ನನಗೇನ್ ಕಿವಿ ಇಲ್ಲೇನಲೇ? ಅಂಗೈಲಿ ತಟ್ಟಿಧಂಗ... ಕೂಸಿನ ಬೆನ್ನ ತಟ್ಟಿಧಂಗ."

ನಾನು ಕಂಡದ್ದನ್ನು ಮಾವನಿಗೆ ಇನ್ನೂ ಹೇಳಿರಲಿಲ್ಲ. ಅವನು ಹಲಗೆಯತ್ತ ಮೂಗೆತ್ತಿ ವಾಸನೆ ಹಿಡಿದ. ಆಮೇಲೆ ಹಲಗೆಗೆ ಕೈ ಮುಗಿದ.

ಕೋಣೆಗೆ ಮರಳಿದಾಗ ಪರದೆಯಲ್ಲಿ ಚಿತ್ರ ಬಂದಿತ್ತು. ಯಾರೂ ಮುಟ್ಟಿರಲಿಲ್ಲ. ಹಸಿರು ಅಂಕಿ ತಣ್ಣಗೆ ಸೊನ್ನೆ ತೋರಿಸುತ್ತಿತ್ತು.

ಬೆಳಿಗ್ಗೆ ಕೊಲ್ಹಾಪುರದಿಂದ ಬಂದ ಮೆಕ್ಯಾನಿಕ್ ಪರದೆಯನ್ನು ಬಿಚ್ಚಿ ನೋಡಿ, ದೋಷವಿಲ್ಲವೆಂದು ಮುಚ್ಚಿದ. ನಾನು ಒಂದೇ ಪ್ರಶ್ನೆ ಕೇಳಿದೆ: ಗುಂಡಿಯಲ್ಲಿದ್ದವನು ತೊಲೆಗೆ ಕೆಳಗಿನಿಂದ ಕೈ ಕೊಟ್ಟದ್ದರಿಂದ ತೂಕ ಬಂದಿರಬಹುದೇ? ಅವನು ಇಲ್ಲವೆಂದು ತಲೆಯಾಡಿಸಿದ. "ತಳದಿಂದ ಎತ್ತಿದ್ರ ತೂಕ ಕಮ್ಮಿ ಆಕ್ಕೈತ್ರಿ. ಹೆಚ್ಚಾಗಬೇಕಂದ್ರ ಮ್ಯಾಲ ಯಾರರೆ ಇರಬೇಕು."

ಸಾಹೇಬರ ಮುಂದೆ ಯಂತ್ರ ಸರಿಯಾಗಿ ನಡೆಯಿತು. ಮಲ್ಲು ಕಾಯಂ ಆದ. ಮೊದಲ ವಾರದಲ್ಲೇ ವೈರ್ ಎಳೆಸಿ, ಪರದೆಯ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡ. ಮಾವ ನಿವೃತ್ತಿಯವರೆಗೂ ಗುಂಡಿಗಿಳಿದ. ಬಟ್ಟೆಯನ್ನು ಎರಡು ಗಂಟು ಹಾಕಿ ಕಟ್ಟುತ್ತಿದ್ದ. ಆಮೇಲೆ ಖಾಲಿ ಹಲಗೆಯತ್ತ ನೋಡಿ, "ಅವ್ವಾ, ಕೆಳಗ ಇಳ್ಯಾಕತ್ತೇನಿ," ಅನ್ನುತ್ತಿದ್ದ. ಸುತ್ತಲಿನವರು ನಗುತ್ತಿದ್ದರು. ಮಲ್ಲು ನಗುತ್ತಿರಲಿಲ್ಲ.

ಮಾವನಿಗೆ ಅವಳು ತನ್ನನ್ನು ಕಾಯಲು ಬಂದವಳು. ಉಳಿದದ್ದನ್ನೆಲ್ಲ ಆಮೇಲೆ ಹೇಳಿದರೂ, ಹಾಗೇ ಇರಲಿ ಎಂದು ಒಂದು ಸಂಗತಿಯನ್ನು ನಾನು ಅವನಿಗೆ ಹೇಳಿಲ್ಲ.

ಲಾರಿ ಗುಡುಗಿದಾಗ, ಓಡುವ ಮೊದಲು, ಗಾಜನ್ನು ಕೊನೆಯ ಸಲ ನೋಡಿದ್ದೆ. ತಟ್ಟುವ ಕೈ ನಿಂತಿತ್ತು. ಅವಳು ತಲೆ ಎತ್ತಿದ್ದಳು. ನೋಡುತ್ತಿದ್ದದ್ದು ಗುಂಡಿಯನ್ನಲ್ಲ, ಬರುತ್ತಿದ್ದ ಲಾರಿಯನ್ನೂ ಅಲ್ಲ... ನನ್ನನ್ನು. ಕತ್ತಲ ಗಾಜಿನೊಳಗೆ ಯಾರೋ ಕೂತಿರುವುದನ್ನು ಅವಳೂ ಈಗಷ್ಟೇ ಕಂಡುಹಿಡಿದಂತೆ.