ರೆಫಿಯತ್ತೆಯ ಮೊದಲ ಕಾಫಿ

ರಾಜಧಾನಿ ತಿರಾನಾಕ್ಕೆ ಹೋಗುವ ಮೊದಲ ಬಸ್ಸು ಇನ್ನೂ ಎಂಜಿನ್ ಕೆಮ್ಮಿಸುತ್ತಿರುವಾಗಲೇ ರೆಫಿಯತ್ತೆಯ ಅಂಗಡಿ ತೆರೆದಿರುತ್ತದೆ. ಅಂಗಡಿ ಎಂದರೆ ಒಂದು ಕಿಟಕಿ, ಒಂದು ಬೆಂಚು, ಒಂದು ಇದ್ದಿಲ ಒಲೆ. ಉದ್ದ ಹಿಡಿಯ ತಾಮ್ರದ ಪಾತ್ರೆಯನ್ನು ಬಿಸಿ ಬೂದಿಯಲ್ಲಿ ಹುಗಿದು, ನೊರೆ ಏಳುವುದನ್ನೇ ಕಾಯುತ್ತ ನಿಂತಾಗ ಎಪ್ಪತ್ತೆರಡರ ಈ ಹೆಂಗಸು ಯಾರ ಮುಖವನ್ನೂ ನೋಡುವುದಿಲ್ಲ. ನೊರೆ ಎದ್ದ ಕೂಡಲೇ ಇಳಿಸುತ್ತಾರೆ, ತಣಿಯಲು ಬಿಟ್ಟು ಮತ್ತೆ ಇಡುತ್ತಾರೆ. ಡ್ರೈವರ್ ಅಗ್ರೋನ್ ಕಿಟಕಿಗೆ ಮೊಣಕೈ ಊರಿ ಗೋಗರೆಯುತ್ತಾನೆ.

"ಅತ್ತೆ, ಬೇಗ ಕೊಡಿ, ಬಸ್ ಹೊರಡತ್ತೆ."

"ಹೆಂಗೆ ಹೊರಡತ್ತೆ? ಓಡಿಸೋನು ಇಲ್ಲೇ ನಿಂತಿದ್ದಾನಲ್ಲ."

ಆದರೂ ಮೊದಲ ಕಾಫಿ ಅಗ್ರೋನನಿಗಲ್ಲ. ಅದರ ಮೇಲೆ ಒಂದು ತಟ್ಟೆ ಮುಚ್ಚಿ, ಹಿತ್ತಾಳೆಯ ಹರಿವಾಣದಲ್ಲಿಟ್ಟುಕೊಂಡು, ಪೇಟೆಯ ಹಿಂದಿನ ಕಲ್ಲಿನ ಮೆಟ್ಟಿಲು ಹತ್ತಿ ನೀಲಿ ಬಾಗಿಲಿನ ಮನೆಯೊಂದಕ್ಕೆ ಅತ್ತೆ ತಾವೇ ಒಯ್ಯುತ್ತಾರೆ. ಮಂಡಿ ನೋವಿದ್ದ ದಿನ ಪ್ರತಿ ಮೆಟ್ಟಿಲಿಗೂ ಒಂದು ಬೈಗುಳ ಬೀಳುತ್ತದೆ. ಇಳಿದು ಬಂದ ಮೇಲೆಯೇ ವ್ಯಾಪಾರ. ಆಮೇಲೆ ಸಂಜೆಯ ಕೊನೆಯ ಬಸ್ಸಿನ ತನಕ ಒಲೆ ಆರುವುದಿಲ್ಲ.

ನಾನು ಇದೇ ಊರಿನವಳು. ಐವತ್ತು ದಾಟಿದ್ದರೂ ಅತ್ತೆಗೆ ಈಗಲೂ 'ಹುಡುಗಿ'. ಪತ್ರಿಕೆಗೆ ನಿಮ್ಮ ಬಗ್ಗೆ ಬರೆಯಬೇಕು ಎಂದಾಗ, ಬಸ್ಸಿನವರ ಜಗಳದ ಬಗ್ಗೆ ಬರಿ, ಅದಾದ್ರೆ ಜನ ಓದ್ತಾರೆ ಎಂದರು. ಈ ಕೆಲಸ ಯಾರ ಹತ್ತಿರ ಕಲಿತಿರಿ ಎಂದು ಕೇಳಿದ್ದಕ್ಕೆ "ಕೂತ್ಕೋ, ಆಮೇಲೆ ಹೇಳ್ತೀನಿ" ಎಂದು ಬೆಂಚು ತೋರಿಸಿದರು. ಮೂರು ಬೆಳಗು ಕೂತೆ.

ಸರ್ಕಾರಿ ಕ್ಯಾಂಟೀನಿನಲ್ಲಿ ಅತ್ತೆ ಮೂವತ್ತು ವರ್ಷ ಇದೇ ಕೆಲಸ ಮಾಡಿದವರು. ಕಾಫಿಬೀಜ ಸಿಗದ ಕಾಲದಲ್ಲಿ ಬಾರ್ಲಿ ಹುರಿದು ಕುದಿಸಿ, ಕುಡಿಯುವವರಿಗಿಂತ ಮೊದಲು ತಾವೇ ಮುಖ ಸಿಂಡರಿಸಿದವರು. ಕಮ್ಯುನಿಸ್ಟ್ ಸರ್ಕಾರ ಬಿದ್ದ ಮೇಲೆ ಕ್ಯಾಂಟೀನು ಮುಚ್ಚಿತು, ಅಲ್ಲಿನ ತಾಮ್ರದ ಪಾತ್ರೆಗಳೊಂದಿಗೆ ಈ ಕಿಟಕಿಗೆ ಬಂದರು. ಗಂಡ ಕಲ್ಲುಗಣಿಯ ಲಾರಿ ಓಡಿಸುತ್ತಿದ್ದ, ಈಗಿಲ್ಲ. ಇಷ್ಟನ್ನು ಯಾರು ಕೇಳಿದರೂ ಹೇಳುತ್ತಾರೆ. ಮೊದಲ ಕಾಫಿಯ ಮಾತು ತೆಗೆಯಲು ಮಾತ್ರ ಮೂರನೆಯ ಬೆಳಗೇ ಆಗಬೇಕಾಯಿತು.

ಜರ್ಮನರು ಬಂದ 1943ರ ಚಳಿಗಾಲದಲ್ಲಿ ರೆಫಿಯತ್ತೆಗೆ ಹದಿಮೂರು. ಅಪ್ಪ ಶಾಕಿರ್ ಉಣ್ಣೆ ಬಡಿದು ಬಿಳಿ ಟೋಪಿ ಮಾಡುವವರು. ಮನೆಯ ಕೆಳಗೇ ಕಾರ್ಖಾನೆ. ಮೊನಾಸ್ತಿರ್ ಊರಿನ ಗಡಿಯಾರ ರಿಪೇರಿಯವನೊಬ್ಬ, ಬೋಹೋರ್ ಎಂದು ಹೆಸರು, ಒಂಬತ್ತು ವರ್ಷದ ಮಗಳು ಲೂನಾಳ ಕೈಹಿಡಿದು ಬೆಟ್ಟ ದಾಟಿ ಬಂದು ಇವರ ಬಾಗಿಲು ತಟ್ಟಿದ. ಅವನ ಊರಿನ ಯೆಹೂದಿಗಳನ್ನೆಲ್ಲ ರೈಲಿಗೆ ತುಂಬಿ ಒಯ್ದಾಗಿತ್ತು. ಇವರಿಬ್ಬರೂ ಆ ದಿನದಿಂದ ಊರಿಂದೂರಿಗೆ ಅಡಗುತ್ತ ಬಂದವರು. ಶಾಕಿರ್ ಹೆಚ್ಚು ಕೇಳಲಿಲ್ಲ. ಬೋಹೋರನ ತಲೆಗೊಂದು ಬಿಳಿ ಟೋಪಿ ಹಾಕಿ, ಬೈರಾಮ್ ಎಂದು ಕರೆದು, ಉಣ್ಣೆ ಬಡಿಯುವ ಆಳುಗಳ ನಡುವೆ ಕೂರಿಸಿದರು. ಲೂನಾ ರೆಫಿಯೆಯ ಕಂಬಳಿಯೊಳಗೆ ಚಿಕ್ಕಮ್ಮನ ಮಗಳಾದಳು.

"ಹೆಸರು ಬದಲಾಯ್ತು, ಟೋಪಿ ಬಂತು. ನಮ್ಮ ಬುದ್ಧಿ ಮಾತ್ರ ಬದಲಾಗ್ಲಿಲ್ಲ ನೋಡು," ಎನ್ನುತ್ತಾರೆ ಅತ್ತೆ. "ಹಗಲೆಲ್ಲ ಅವನು ಆಳು. ಬಾಗಿಲು ಹಾಕಿದ್ದೇ ತಡ, ಒಲೆ ಪಕ್ಕ ಒಳ್ಳೇ ಕುರಿಚರ್ಮದ ಮೇಲೆ ಕೂರಿಸೋದು, ಮೊದಲ ಕಾಫಿ ಅವನಿಗೇ ಕೊಡೋದು. ಅವನು ತುಟಿಗೆ ಮುಟ್ಟಿಸೋ ತನಕ ಅಪ್ಪ ಕೈ ಚಾಚ್ತಿರಲಿಲ್ಲ. ಅತಿಥಿ ಅಲ್ವಾ? ಹರಿವಾಣ ಹಿಡೀತಿದ್ದೋಳು ನಾನು. ಮೂರ್ನಾಲ್ಕು ತಿಂಗಳು ದಿನಾ ಅದೇ ಆಗಿ, ಕಾಲೇ ಅತ್ತ ನಡೀತಿತ್ತು."

ಫೆಬ್ರವರಿಯ ಒಂದು ಮಧ್ಯಾಹ್ನ ಜರ್ಮನ್ ಅಧಿಕಾರಿಯೊಬ್ಬ ಕಾರ್ಖಾನೆಗೆ ಬಂದ. ಜೊತೆಗೆ ದುಭಾಷಿ ತೆಫಿಕ್. ನಮ್ಮೂರಿನವನೇ, ವಿಯೆನ್ನಾದಲ್ಲಿ ಪಶುವೈದ್ಯಕೀಯ ಓದಿ ಬಂದವನು, ಮದುವೆಯಾಗಿ ವರ್ಷವಾಗಿರಲಿಲ್ಲ. ಊರಲ್ಲಿ ಪರದೇಶಿ ಯೆಹೂದಿಗಳಿದ್ದಾರಂತೆ, ನಿಮ್ಮಲ್ಲಿ ಯಾರಾದರೂ ಹೊಸಬರಿದ್ದಾರೆಯೇ ಎಂದು ಅಧಿಕಾರಿ ಅವನ ಮೂಲಕ ಕೇಳಿದ. ಇಲ್ಲವೆಂದರು ಶಾಕಿರ್. ಬಂದವರನ್ನು ಬರಿಗೈಯಲ್ಲಿ ಕಳಿಸಬಾರದೆಂದು, ಶತ್ರುವಾದರೂ ಸರಿಯೆಂದು, ಕಾಫಿ ತರಲು ಹೇಳಿದರು.

ಹುಡುಗಿ ಹರಿವಾಣ ತಂದಳು. ಅಧಿಕಾರಿಯ ಮುಂದೆ ಹಾದು, ದುಭಾಷಿಯ ಮುಂದೆ ಹಾದು, ಅಪ್ಪನನ್ನೂ ದಾಟಿ, ಮೂಲೆಯಲ್ಲಿ ಉಣ್ಣೆ ಬಡಿಯುತ್ತಿದ್ದ ಆಳಿನ ಮುಂದೆ ಬಗ್ಗಿ ನಿಂತಳು. ಆಳು ಕೂಡ ರೂಢಿಯಂತೆ ಕೈ ಚಾಚಿ ಕಪ್ ತೆಗೆದುಕೊಂಡ.

"ತೆಗೊಂಡ ಮೇಲೆ ಇಬ್ಬರಿಗೂ ಗೊತ್ತಾಯ್ತು. ಅವನ ಮುಖ ಉಣ್ಣೆ ಥರಾ ಬೆಳ್ಳಗಾಯ್ತು. ನಂಗೆ ಹರಿವಾಣ ಹಿಂದಕ್ಕೆ ತಗೊಳ್ಳೋಕೂ ಆಗ್ಲಿಲ್ಲ, ಮುಂದಕ್ಕೆ ಹೋಗೋಕೂ ಆಗ್ಲಿಲ್ಲ. ಅಪ್ಪ ನೆಲ ನೋಡ್ತಾ ನಿಂತಿದ್ರು. ಜರ್ಮನ್‌ನವನಿಗೆ ಏನು ಗೊತ್ತಾಗತ್ತೆ ಬಿಡು, ಅವನಿಗೆ ವಿಚಿತ್ರ ಅನ್ನಿಸಿತು ಅಷ್ಟೆ. ಆದ್ರೆ ತೆಫಿಕ್ ನಮ್ಮೋನು. ಮನೆ ಯಜಮಾನನಿಗೂ ಮೊದಲು ಕಾಫಿ ಯಾರಿಗೆ ಹೋಗತ್ತೆ ಅಂತ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ."

ಅಧಿಕಾರಿ ತೆಫಿಕ್‌ನತ್ತ ತಿರುಗಿ ಏನೋ ಕೇಳಿದ. ತೆಫಿಕ್ ಹುಡುಗಿಯನ್ನು ನೋಡಿದ, ಆಳಿನ ಕೈಯಲ್ಲಿದ್ದ ಕಪ್ ನೋಡಿದ. ನಂತರ ನಗುತ್ತ ಜರ್ಮನ್ ಭಾಷೆಯಲ್ಲಿ ಎರಡು ಮಾತು ಹೇಳಿದ. ಅಧಿಕಾರಿಯೂ ನಕ್ಕು ತನ್ನ ಕಾಫಿ ಕುಡಿದ. ಮನೆಯವರಿಗೆ ಒಂದಕ್ಷರ ತಿಳಿಯಲಿಲ್ಲ. ಅಲ್ಪಸ್ವಲ್ಪ ಜರ್ಮನ್ ಬರುತ್ತಿದ್ದ ಬೋಹೋರ್ ಆಮೇಲೆ ಹೇಳಿದನಂತೆ: ಈ ಹುಡುಗಿಯನ್ನು ಆ ಆಳಿನ ಮಗನಿಗೆ ನಿಶ್ಚಯ ಮಾಡಿದ್ದಾರೆ, ಮಾವ ಎದುರಿಗಿದ್ದರೆ ಇವಳಿಗೆ ಬೇರೆ ಯಾರೂ ಕಾಣುವುದಿಲ್ಲ.

"ನಂಗೆ ಮದುವೆ ಗೊತ್ತಾಗಿರೋದು ನಂಗೇ ಗೊತ್ತಿರಲಿಲ್ಲ," ಎಂದು ಅತ್ತೆ ಇಂದಿಗೂ ಹುಸಿಮುನಿಸು ತೋರುತ್ತಾರೆ.

ಹೊರಡುವಾಗ ಅಧಿಕಾರಿ ಮೆಟ್ಟಿಲಿಳಿದ ಮೇಲೆ ತೆಫಿಕ್ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತು, ತಗ್ಗಿದ ದನಿಯಲ್ಲಿ ಹೇಳಿದ: "ಶಾಕಿರಣ್ಣ, ನಿನ್ನ ಮಗಳಿಗೆ ಕಾಫಿ ಕೊಡೋದು ಕಲಿಸು."

ಅವತ್ತಿನಿಂದ ಮನೆಯಲ್ಲಿ ಪಾಠ ನಡೆಯಿತು. ಬಾಗಿಲು ಹಾಕಿದ್ದರೂ ಬೋಹೋರ್ ಹೊಸ್ತಿಲ ಬಳಿ ಕೂರಬೇಕು, ಕಾಫಿ ಕೊನೆಯಲ್ಲಿ ಬರಬೇಕು, ಅದೂ ನೊರೆಯಿಲ್ಲದ್ದು. ಅತಿಥಿಗೆ ಹೀಗೆ ಮಾಡಿಸುತ್ತೀರಲ್ಲ ಎಂದು ಅಮ್ಮ ಅತ್ತರು. ಬೋಹೋರನೇ ಸಮಾಧಾನ ಮಾಡುತ್ತಿದ್ದ: "ಸೊಸೆ ಮರ್ಯಾದೆ ಮರೆತಿದ್ದಾಳೆ, ಮಗನಿಗೆ ಬೇರೆ ಹೆಣ್ಣು ನೋಡ್ತೀನಿ ಬಿಡಿ." ಆ ನಂತರ ಎರಡು ಸಲ ತಪಾಸಣೆ ಬಂತು. ಹರಿವಾಣ ದಾರಿ ತಪ್ಪಲಿಲ್ಲ. ಯುದ್ಧ ಮುಗಿದ ಮೇಲೆ ಬೋಹೋರ್, ಲೂನಾ ಇಬ್ಬರೂ ಜೀವಸಹಿತ ಹೊರಟರು. ಲೂನಾ ಈಗ ಹೈಫಾದಲ್ಲಿ ಅಜ್ಜಿ, ಹಬ್ಬಕ್ಕೆ ಫೋನ್ ಮಾಡುತ್ತಾರೆ. ಬೋಹೋರ್ ತೀರಿಕೊಂಡು ಬಹಳ ಕಾಲವಾಯಿತು.

ಯುದ್ಧದ ನಂತರ ಬಂದ ಹೊಸ ಸರ್ಕಾರದವರು ತೆಫಿಕ್‌ನನ್ನು ಹಿಡಿದರು. ಶತ್ರುವಿನ ನಾಲಗೆಯಾಗಿದ್ದವನು ಎಂದು ವಿಚಾರಣೆ ನಡೆಯಿತು. ಶಾಕಿರ್ ಹೋಗಿ ಎದ್ದು ನಿಂತು ನಡೆದದ್ದನ್ನು ಹೇಳಿದರು. ಒಂದು ಕಾಫಿಯ ಕತೆ ಸಾಕು, ಕೂತುಕೋ ಎಂದರಂತೆ. ತೆಫಿಕ್ ಜೌಗುನೆಲದ ಕಾಲುವೆ ಅಗೆಯುವ ಶಿಬಿರದಲ್ಲಿ ಸತ್ತ. ಹೆಂಡತಿ ಮೆಲೆಕೆಯನ್ನು ದೂರದ ಹಳ್ಳಿಗೆ ಅಟ್ಟಿದರು. ಆ ಹೆಸರೆತ್ತಿದವರ ಮಕ್ಕಳಿಗೆ ಓದು, ಕೆಲಸ ಎರಡೂ ಸಿಗದ ಕಾಲ ಅದು, ಹಾಗಾಗಿ ರೆಫಿಯತ್ತೆಯೂ ಎತ್ತಲಿಲ್ಲ. ಅದನ್ನು ಹೇಳುವಾಗ ಅವರ ದನಿ ಗಟ್ಟಿಯಾಗುತ್ತದೆ. ಸರ್ಕಾರ ಬಿದ್ದ ಮೇಲೆ ಮೆಲೆಕೆ ಊರಿಗೆ ಮರಳಿ ಅಕ್ಕನ ಮಗಳೊಂದಿಗೆ ನೀಲಿ ಬಾಗಿಲಿನ ಮನೆ ಸೇರಿದರು. ಮರುದಿನ ಬೆಳಿಗ್ಗೆಯಿಂದಲೇ ಮೊದಲ ಕಾಫಿ ಮೆಟ್ಟಿಲು ಹತ್ತತೊಡಗಿತು.

ಈಗ ಊರಿನ ಹಿರಿಯರು ಶಾಕಿರ್ ಅವರ ಹಳೆಯ ಮನೆಗೆ ಅಮೃತಶಿಲೆಯ ಫಲಕ ಹಾಕಿಸಹೊರಟಿದ್ದಾರೆ. ಅಪ್ಪನ ಹೆಸರು, ಕೆಳಗೆ ಮಗಳ ಹೆಸರು. ತೆಫಿಕ್‌ನ ಹೆಸರೂ ಇರಲಿ ಎಂದು ಅತ್ತೆ ಕೇಳಿದರು. ಜರ್ಮನರ ಸಂಬಳ ತಿಂದವನ ಹೆಸರು ಕಲ್ಲಿನ ಮೇಲೆ ಹೇಗೆ ಬರೆಯುವುದು ಎಂದರು ಹಿರಿಯರು.

"ಹಾಗಾದ್ರೆ ಕಲ್ಲು ನಿಮ್ಮ ಹತ್ರಾನೇ ಇರ್ಲಿ, ಉಪ್ಪಿನಕಾಯಿ ಭರಣಿ ಮೇಲೆ ಹೇರೋಕಾಗತ್ತೆ ಅಂದೆ."

ನನಗೂ ಅನುಮಾನವಿತ್ತು, ಕೇಳಿಯೇಬಿಟ್ಟೆ. ಅತ್ತೆ, ಬೇರೆ ಮನೆಗಳಲ್ಲಿ ಅವನು ಏನು ಹೇಳಿದನೋ ನಮಗೆ ಗೊತ್ತೇ?

"ಗೊತ್ತಿಲ್ಲ. ನಂಗೂ ಗೊತ್ತಿಲ್ಲ. ನಮ್ಮ ಮನೇಲಿ ಏನು ಹೇಳಿದ ಅನ್ನೋದು ಗೊತ್ತು. ಅಷ್ಟನ್ನ ಹೇಳೋಕೆ ಈಗ ನಾನೊಬ್ಬಳೇ ಉಳಿದಿರೋದು."

ಮೂರನೆಯ ಬೆಳಗು ಅವರ ಹಿಂದೆಯೇ ಮೆಟ್ಟಿಲು ಹತ್ತಿದೆ. ಮೆಲೆಕೆ ಕಿಟಕಿ ಪಕ್ಕ ಕಾಯುತ್ತಿದ್ದರು. ಒಂದು ಗುಟುಕು ಕುಡಿದು, ಇವತ್ತು ಸಕ್ಕರೆ ಜಾಸ್ತಿ ಎಂದರು. ನಿನ್ನೆ ಕಮ್ಮಿ ಅಂದಿದ್ದೆಯಲ್ಲ ಎಂದರು ಅತ್ತೆ. ಕಪ್ ಖಾಲಿಯಾದ ಮೇಲೆ ಅತ್ತೆ ಹರಿವಾಣ ಎತ್ತಿಕೊಂಡರು.

ಇಳಿಯುವಾಗ ಅತ್ತೆ ನನ್ನ ತೋಳು ಹಿಡಿದು ನಿಂತರು. ಕೆಳಗೆ ಅಗ್ರೋನ್ ಹಾರ್ನ್ ಒತ್ತುತ್ತಿದ್ದ.

"ಏ ಹುಡುಗಿ, ಕಾಫಿ ಕೆಲಸ ಯಾರ ಹತ್ರ ಕಲಿತೆ ಅಂತ ಕೇಳಿದ್ಯಲ್ಲ. ತೆಫಿಕ್ ಡೊಲ್ಲಾನಿ ಕಲಿಸಿದ ಅಂತ ಬರಿ. ಪೂರ್ತಿ ಹೆಸರು ಬರಿ."